ಎಡಗಾಲು ಮರೆಯುವ ತನಕ

ಕಲಬುರಗಿಯ ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳು, ಶೋರೂಮುಗಳು, ಹೊಸ ಬಡಾವಣೆಗಳ ಕಮಾನುಗಳು ಮುಗಿದ ಮೇಲೆ ಒಂದು ಖಾಸಗಿ ಶಾಲೆ ಬರುತ್ತದೆ. ಶನಿವಾರ ನಸುಕಿನಲ್ಲಿ ಅದರ ಹಿಂದಿನ ಮೈದಾನದಲ್ಲಿ ಹಳದಿ ಬಸ್ಸೊಂದು ಸುತ್ತು ಹಾಕುತ್ತಿದೆ. ಬ್ಯಾಟರಿ ಬಸ್ಸು, ಸದ್ದಿಲ್ಲ. ಒಳಗೆ ಮಕ್ಕಳೂ ಇಲ್ಲ. ಸೀಟುಗಳ ನಡುವಿನ ದಾರಿಯಲ್ಲಿ ಕಂಠದ ತನಕ ನೀರು ತುಂಬಿದ ಸ್ಟೀಲ್ ತಂಬಿಗೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಚಾಲಕನ ಸೀಟಿನಲ್ಲಿ ಮಾಳಿಂಗರಾಯ, ವಯಸ್ಸು ಐವತ್ತರ ಹತ್ತಿರ. ಅವರ ಬೆನ್ನ ಹಿಂದೆ ಬಸ್ಸಿನ ಆಯಾ ರಾಜೇಶ್ರೀ. ಆಕೆಯ ಮಾತು ನಿಲ್ಲುವುದಿಲ್ಲ.

"ಅಣ್ಣಾ, ಸೊಸಿ ಕುಬ್ಸಕ್ಕ ಸೀರಿ ಯಾವ ಬಣ್ಣದ್ದು ತಂದ್ರಿ?"

"ಹಸರು. ಬಸರಿ ಹೆಣ್ಣಿನ ಕುಬ್ಸಕ್ಕ ಮತ್ತ ಯಾವ ಬಣ್ಣ ತರ್ತಾರ?"

"ಹಸರಿನಾಗೂ ಹತ್ತು ನಮೂನಿ ಇರ್ತಾವ. ಯಾರು ಆರ್ಸಿದ್ರು?"

"ನಾನೇ."

"ಹಂಗಾದ್ರ ಬಸ್ಸಿನ ಪರದಾದಂಗೇ ಇರ್ತದ ಬಿಡ್ರಿ. ಆ ಹುಡುಗಿ ಉಟ್ಕೊಂಡು ಯಾವ ಕಿಟಕಿಗಿ ನಿಲ್ಲಬೇಕಂತ?"

ಮಾಳಿಂಗರಾಯ ನಗುತ್ತಾರೆ. ನಗುವಾಗಲೇ ಮಣ್ಣು ಪೇರಿಸಿ ಮಾಡಿದ ಉಬ್ಬು ಎದುರಾಗುತ್ತದೆ. ಬಸ್ಸಿನ ವೇಗ ತಗ್ಗುತ್ತದೆ, ಮುಂದಿನ ಗಾಲಿ ಹತ್ತಿ ಇಳಿಯುತ್ತದೆ, ಹಿಂದಿನದು ಹತ್ತಿ ಇಳಿಯುತ್ತದೆ. ರಾಜೇಶ್ರೀ ಎದ್ದು ತಂಬಿಗೆಗಳ ಸಾಲು ನೋಡುತ್ತಾರೆ.

"ಒಂದ್ ಹನಿ ಚೆಲ್ಲಿಲ್ಲ ನೋಡ್ರಿ!"

"ಇದು ಲೆಕ್ಕಕ್ಕಿಲ್ಲ ತಂಗಿ," ಎನ್ನುತ್ತಾರೆ ಮಾಳಿಂಗರಾಯ. "ನೀ ಯಾಕ ಮಾತಾಡ್ಸ್ಲಾಕತ್ತಿ ಅಂತ ನನಗ ಗೊತ್ತದಲ್ಲ. ಗೊತ್ತಿದ್ದ ಮ್ಯಾಲ ಮನಸು ಒಂದ್ ಕಣ್ಣು ಕಾಲಿನ ಮ್ಯಾಲೇ ಇಟ್ಟಿರ್ತದ."

ರಾಜೇಶ್ರೀ ಬೇಕೆಂದೇ ಹರಟುತ್ತಾರೆ. ಚಾಲಕನ ಗಮನವನ್ನು ಆತನ ಎಡಗಾಲಿನಿಂದ ಬೇರೆ ಕಡೆ ಎಳೆಯುವುದು ಆಕೆ ತಾನಾಗಿ ಒಪ್ಪಿಕೊಂಡ ಬೆಳಗಿನ ಕೆಲಸ. ಆ ಎಡಗಾಲು ಮೂವತ್ತು ವರ್ಷದ ರೂಢಿಯೊಂದನ್ನು ಬಿಡಬೇಕಾಗಿದೆ. ಬಿಟ್ಟಿದ್ದರೆ ಮಾಳಿಂಗರಾಯ ಮತ್ತೆ ಕಮಲಾಪುರದ ಮಕ್ಕಳನ್ನು ಕರೆತರುತ್ತಾರೆ. ಬಿಟ್ಟಿರದಿದ್ದರೆ ಶಾಲೆಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಉಳಿದ ವರ್ಷಗಳನ್ನು ಕಳೆಯುತ್ತಾರೆ. ಬಿಟ್ಟಿದೆಯೋ ಇಲ್ಲವೋ ಎನ್ನುವುದು ಕಾಲಿನ ಒಡೆಯನಿಗೇ ಗೊತ್ತಿಲ್ಲ.

ಚಾಲಕರು ಪತ್ರಿಕೆಯಲ್ಲಿ ಬರುವುದು ಎರಡು ಸಂದರ್ಭದಲ್ಲಿ: ಗಾಡಿ ಪಲ್ಟಿಯಾದಾಗ, ಇಲ್ಲವೇ ಯಾರೋ ಮರೆತುಹೋದ ಬಂಗಾರವನ್ನು ಹಿಂದಿರುಗಿಸಿದಾಗ. ಮಾಳಿಂಗರಾಯ ಇವೆರಡನ್ನೂ ಮಾಡಿಲ್ಲ. ಇಳಿ ಎಂದು ಯಾರೂ ಹೇಳದಿದ್ದಾಗ ಸ್ಟೇರಿಂಗ್ ಬಿಟ್ಟು ಇಳಿದರು. ಇದಕ್ಕೆ ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಅವರ ಊರು ಕಮಲಾಪುರಕ್ಕೆ ಹೊಂದಿಕೊಂಡ ಹಳ್ಳಿ. ಅಪ್ಪ ಕುರಿ ಕಾಯುತ್ತಿದ್ದರು. ಮಗನಿಗೆ ಕುರಿಯ ಹಿಂದೆ ನಡೆಯುವುದು ಹಿಡಿಸಲಿಲ್ಲ. ಹತ್ತನೇ ಇಯತ್ತೆಯ ಪರೀಕ್ಷೆಯಲ್ಲಿ ನಪಾಸಾದ ವರ್ಷವೇ ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿಗೆ ಬಂದು, ಸೊಲ್ಲಾಪುರಕ್ಕೆ ತೊಗರಿ ಚೀಲ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆದರು. ಲಾರಿಯ ಚಾಲಕ ದತ್ತಪ್ಪ ಗುರು. ಗುರುವಿನ ಪಾಠ ಬಾಯಿಂದ ಬರುತ್ತಿರಲಿಲ್ಲ, ಕೈಯಿಂದ ಬರುತ್ತಿತ್ತು.

"ಕ್ಲಚ್ ಬಿಡೋದ್ರಾಗ ಗಾಡಿ ಜಗ್ತಂದ್ರ ಮೊಳಕಾಲಿಗಿ ನಟ್ಟು ಬಿಚ್ಚೋ ಪಾನಾ ತಗೊಂಡು ಹೊಡೀತಿದ್ದ," ಎಂದು ಮಾಳಿಂಗರಾಯ ನೆನೆಯುತ್ತಾರೆ. "ಹ್ಯಾಂಗ ಬಿಡಬೇಕು ಕಾಕಾ ಅಂತ ಕೇಳಿದ್ರ ಅವನಿಗಿ ಹೇಳ್ಲಾಕ ಬರ್ತಿರಲಿಲ್ಲ. 'ನನಗೇನ ಗೊತ್ತಲೇ, ಬಿಟ್ರ ಬಿಡ್ತದ' ಅಂತಿದ್ದ. ಯಾವ ದಿನ ಕಲ್ತೆ ಅನ್ನೋದು ನನಗೂ ಗೊತ್ತಿಲ್ರಿ. ಹೊಡ್ತ ನಿಂತ ದಿನಾನೇ ಕಲ್ತಿರಬೇಕು."

ಲಾರಿಯಿಂದ ಟ್ಯಾಂಕರ್, ಟ್ಯಾಂಕರಿನಿಂದ ಶಾಲೆಯ ಬಸ್ಸು. ಶಾಲೆಯಲ್ಲಿ ಹದಿನಾರು ವರ್ಷ. ದಿನಾ ಬೆಳಿಗ್ಗೆ ಕಮಲಾಪುರದಿಂದ ಹೊರಟು, ಹೆದ್ದಾರಿ ಬದಿಯ ಹಳ್ಳಿಗಳ ಮಕ್ಕಳನ್ನು ಹತ್ತಿಸಿಕೊಂಡು, ಮಹಾಗಾಂವ ಕ್ರಾಸ್ ದಾಟಿ ಕಲಬುರಗಿ. ಸಂಜೆ ಅದೇ ದಾರಿ ವಾಪಸ್. ಬಸ್ಸಿನಲ್ಲಿ ನಲವತ್ತರಷ್ಟು ಮಕ್ಕಳು. ಅವರಲ್ಲಿ ಒಬ್ಬರನ್ನೂ ತಾನು ಹೆಸರು ಹಿಡಿದು ಎಣಿಸಿಲ್ಲ ಎನ್ನುತ್ತಾರೆ. ಎಣಿಸುವ ಅಗತ್ಯ ಬಿದ್ದಿರಲಿಲ್ಲ, ಹತ್ತುವ ಹೆಜ್ಜೆಯ ಸದ್ದಿನಲ್ಲೇ ಗುರುತು ಸಿಗುತ್ತಿತ್ತು.

ಮದಿಹಾ ಎಂಬ ಎರಡನೇ ತರಗತಿಯ ಹುಡುಗಿಯ ವಿಷಯವನ್ನು ರಾಜೇಶ್ರೀ ಹೇಳುತ್ತಾರೆ. ಆ ಹುಡುಗಿ ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲು ಕೂಡಿಸಿ ಕುಪ್ಪಳಿಸುತ್ತ ಹತ್ತುತ್ತಾಳೆ. ಹಳೆಯ ಬಸ್ಸಿನ ದಿನಗಳಲ್ಲಿ ಒಮ್ಮೆ ಸದ್ದಿಲ್ಲದೆ ಹತ್ತಿದಳು. ಮಾಳಿಂಗರಾಯ ಮುಂದಿನ ರಸ್ತೆಯಿಂದ ಕಣ್ಣು ತೆಗೆಯದೆ, "ತಂಗಿ, ಮದಿಹಾನ ಹಣಿ ಮುಟ್ಟಿ ನೋಡು" ಎಂದರು. ಹಣೆ ಸುಡುತ್ತಿತ್ತು.

ರೂಢಿ ಎಂದರೆ ಓದಿದವರಿಗೆ ತುಸು ಸದರ. ಯಾಂತ್ರಿಕ ಎನ್ನುತ್ತಾರೆ, ಗಾಣದ ಎತ್ತು ಎನ್ನುತ್ತಾರೆ. ಯೋಚಿಸಿ ಮಾಡಿದ್ದು ಮನುಷ್ಯನ ಕೆಲಸ, ಯೋಚಿಸದೆ ಮಾಡಿದ್ದು ಯಂತ್ರದ ಕೆಲಸ ಎಂದು ಪುಸ್ತಕಗಳು ಅಚ್ಚುಕಟ್ಟಾಗಿ ಗೆರೆ ಎಳೆಯುತ್ತವೆ. ಕಮಲಾಪುರದ ಬಸ್ಸಿನಲ್ಲಿ ಆ ಗೆರೆ ನಿಲ್ಲುವುದಿಲ್ಲ. ಕೈಕಾಲು ಯೋಚಿಸದೆ ಗಾಡಿ ನಡೆಸುತ್ತಿದ್ದುದರಿಂದಲೇ ಈ ಮನುಷ್ಯನ ಕಿವಿ ಒಂದು ಮಗುವಿನ ಹೆಜ್ಜೆಗೆ ಬಿಡುವಾಗಿತ್ತು. ಯಂತ್ರದ ಕೆಲಸ ಎನ್ನುವುದು ಮನಸ್ಸಿಗೆ ಜಾಗ ಮಾಡಿಕೊಟ್ಟಿತ್ತು. ಇದು ಅವರಿಗೇ ತಿಳಿದದ್ದು ಆ ರೂಢಿ ಕೆಲಸಕ್ಕೆ ಬಾರದಾದ ಮೇಲೆ.

ಗೇರಿನ ಗಾಡಿಯಲ್ಲಿ ಮೂರು ಪೆಡಲ್. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್ ಮತ್ತು ಆಕ್ಸಿಲರೇಟರ್. ಗೇರು ಬದಲಿಸುವಾಗಲೂ ಗಾಡಿ ನಿಲ್ಲಿಸುವಾಗಲೂ ಕ್ಲಚ್ಚನ್ನು ಪೂರ್ತಿ ತುಳಿಯಬೇಕು. ತುಳಿಯದೆ ನಿಲ್ಲಿಸಿದರೆ ಎಂಜಿನ್ ಬಂದ್ ಬೀಳುತ್ತದೆ. ಈ ವರ್ಷ ಶಾಲೆ ತರಿಸಿದ ಬ್ಯಾಟರಿ ಬಸ್ಸಿನಲ್ಲಿ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಎಡಗಾಲು ಸುಮ್ಮನೆ ಕೂರಬೇಕು. ಅದನ್ನು ತಲೆ ಒಂದು ಮಧ್ಯಾಹ್ನದಲ್ಲಿ ಕಲಿಯಿತು. ಕಾಲು ಕಲಿಯಲಿಲ್ಲ. ವೇಗ ತಗ್ಗಿದ ಕೂಡಲೇ ಅದು ತನ್ನ ಹಳೆಯ ಪೆಡಲನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಈಗ ಇರುವುದು ಅಗಲವಾದ ಬ್ರೇಕ್ ಪೆಡಲಿನ ಎಡ ಅಂಚು.

"ಮೊದಲನೇ ವಾರ ನಾ ಬಸ್ ಹೊಡೀಲಿಲ್ರಿ, ಕಾಲು ಕಾದೆ," ಎನ್ನುತ್ತಾರೆ ಮಾಳಿಂಗರಾಯ. "ಹಿಂದ ಹುಡುಗುರು ಬಡದಾಡಿದ್ರೂ ಕೇಳ್ತಿರಲಿಲ್ಲ. ಒಂದಿನ ಒಂದು ಸ್ಟಾಪೇ ಬಿಟ್ಟು ಮುಂದ ಹೋಗಿದ್ದೆ, ರಾಜೇಶ್ರೀ ಒದರಿದ ಮ್ಯಾಲ ನಿಂತೆ. ಕಿವಿ ಇದ್ದೂ ಕೆಪ್ಪ ಆಗಿದ್ದೆ."

ಎರಡನೇ ವಾರ ಕಾಲು ಸುಮ್ಮನಿತ್ತು. ಕಲಿಯಿತೆಂದು ಅವರು ಕಾಯುವುದನ್ನು ಬಿಟ್ಟರು. ಬಿಟ್ಟ ದಿನವೇ ಅನಾಹುತ. ಮಹಾಗಾಂವ ಕ್ರಾಸಿನ ಈಚೆ, ರಸ್ತೆಯ ಉಬ್ಬಿನ ಹತ್ತಿರ, ಹಿಂದಿನ ಸೀಟಿನ ಹುಡುಗನೊಬ್ಬ ಏನೋ ಕೇಳಿದ. ಮಾಳಿಂಗರಾಯ ಉತ್ತರ ಕೊಡುತ್ತಿದ್ದರು. ಎಡಗಾಲು ಕ್ಲಚ್ ತುಳಿಯಿತು, ಅಂದರೆ ಬ್ರೇಕನ್ನು ನೆಲಕ್ಕೆ ಹತ್ತಿಸಿತು. ಟಿಫಿನ್ ಡಬ್ಬಿಗಳು ಹಾರಿದವು. ಕಿಟಕಿ ಮುಚ್ಚಲು ಎದ್ದಿದ್ದ ರಾಜೇಶ್ರೀಯ ಮುಖ ಕಂಬಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿಯಿತು. ಹಿಂದೆ ಬರುತ್ತಿದ್ದ ಗೂಡ್ಸ್ ವಾಹನ ಒಂದು ಗೇಣು ಅಂತರದಲ್ಲಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅವರಲ್ಲಿ ಕೆಲವರು ಇನ್ನೊಮ್ಮೆ ಹಾಗೆ ಮಾಡಿ ಎಂದು ಚಪ್ಪಾಳೆ ತಟ್ಟಿದರು.

ಉಬ್ಬಿನ ಮೇಲೆ ಬಸ್ಸು ಎಗರುವುದು ಹೊಸ ಸಂಗತಿಯಲ್ಲ. ರಸ್ತೆಯನ್ನು ಬೈದು ಎಲ್ಲರೂ ಸುಮ್ಮನಾಗಿದ್ದರು. ಮಕ್ಕಳನ್ನು ಶಾಲೆಗೆ ಮುಟ್ಟಿಸಿ ಮಾಳಿಂಗರಾಯ ವಾಹನ ವಿಭಾಗದ ಉಸ್ತುವಾರಿ ವಿವೇಕಾನಂದ ಅವರ ಮೇಜಿನ ಮೇಲೆ ಕೀಲಿ ಇಟ್ಟರು.

"ಹಂಪ್ ಅಂತಲ್ಲ ಮಾಳಿಂಗರಾಯ?" ಎಂದು ವಿವೇಕಾನಂದ ಕೇಳಿದರು.

"ಹಂಪ್ ಅಲ್ರಿ ಸರ್. ಕಾಲು."

ಮರುದಿನದಿಂದ ಮಾಳಿಂಗರಾಯ ಗೇಟಿಗೆ, ಹಳೆಯ ಡೀಸೆಲ್ ಬಸ್ಸು ಮಾಪಣ್ಣನ ಕೈಗೆ. ನಿವೃತ್ತಿಯ ಅಂಚಿನಲ್ಲಿರುವ ಚಾಲಕ ಮಾಪಣ್ಣನಿಗೆ ನಾಲಿಗೆ ಇನ್ನೂ ಚುರುಕು. ಗೇಟು ದಾಟುವಾಗಲೆಲ್ಲ, "ಏನೋ ಮಾಳ್ಯಾ, ಕುರ್ಚಿಗಿ ಬ್ರೇಕ್ ಅದನೋ ಇಲ್ಲೋ?" ಎಂದು ಕೂಗುತ್ತಾನೆ. "ನಿನ್ನ ಬಾಯಿಗಿಲ್ಲದ್ದು ಇದಕ್ಕ ಎಲ್ಲಿಂದ ಬರ್ತದ?" ಎಂದು ಕುರ್ಚಿಯಿಂದ ಉತ್ತರ ಹೋಗುತ್ತದೆ.

ರಾಜೇಶ್ರೀಯ ಹಲ್ಲಿಗೆ ಶಾಲೆ ಕ್ಯಾಪ್ ಹಾಕಿಸಿಕೊಟ್ಟಿದೆ. ಆಕೆಗೆ ಸಿಟ್ಟಿಲ್ಲ, ಆದರೆ ಒಂದು ಪ್ರಶ್ನೆ ಇತ್ತು. "ನಾ ಕೇಳೇಬಿಟ್ಟೆ. ಅಣ್ಣಾ, ನಾ ಒತ್ತಿಲ್ಲ, ಕಾಲು ಒತ್ತೇದ ಅಂತ ಊರೆಲ್ಲ ಹೇಳ್ಲಾಕತ್ತೀರಿ. ಹಂಗಾದ್ರ ನನ್ನ ಹಲ್ಲು ಯಾರಿಗಿ ಕೇಳ್ಲಿ? ನಿಮ್ಮ ಕಾಲಿಗೇನು?"

ಮಾಳಿಂಗರಾಯ ಕೊಟ್ಟ ಉತ್ತರವನ್ನು ಅವರ ಬಾಯಲ್ಲೇ ಕೇಳಬೇಕು. "ನನಗೇ ಕೇಳು ಅಂದೆ. ಇಷ್ಟು ವರ್ಷ ಆ ಕಾಲು ದುಡದದ್ದಕ್ಕ ಪಗಾರ ತಗೊಂಡಾವ ನಾನು. ಮಾಳಿಂಗರಾಯ ಚಲೋ ಹೊಡೀತಾನ ಅಂತ ಮಂದಿ ಅಂದಾಗ, ನಾ ಅಲ್ರಿ ನನ್ನ ಕಾಲು ಅಂತ ಒಮ್ಮಿನೂ ಹೇಳಿಲ್ಲ. ಎದಿ ಉಬ್ಬಿಸಿ ನಿಂತೀನಿ. ಈಗ ತಪ್ಪು ಆದಾಗ ಅಷ್ಟೇ ಕಾಲಿನ ಮ್ಯಾಲ ಹಾಕಿದ್ರ ಹ್ಯಾಂಗ?"

ಕಾಲು ತನ್ನದೇ, ತಪ್ಪೂ ತನ್ನದೇ. ಆದರೆ ಕಾಲು ತನ್ನ ಮಾತು ಕೇಳುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಅವರು ಇದನ್ನು ಚರ್ಚಿಸಿದ್ದು ಶೀಲಾ ಅವರ ಜೊತೆ. ಶೀಲಾ ಅದೇ ಆವರಣದ ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಾರೆ. ಅವರ ಮಗ ಕಮಲಾಪುರದ ಬಸ್ಸಿನಲ್ಲೇ ಬರುತ್ತಾನೆ. ಗೇಟಿನ ಬಳಿ ಚಹಾ ಕುಡಿಯುತ್ತ ಇಬ್ಬರೂ ಜಗಳವಾಡಿದಂತೆ ಮಾತಾಡುತ್ತಾರೆ.

"ಕಾಲು ಬ್ಯಾರೆ, ಮನಸು ಬ್ಯಾರೆ ಅನ್ನೋಹಂಗ ಮಾತಾಡ್ತೀರಲ್ರಿ," ಎಂಬುದು ಶೀಲಾ ಅವರ ಆಕ್ಷೇಪ. "ರೂಢಿ ಅಂದ್ರ ಮನಸು ಇಲ್ಲದ ಕೆಲಸ ಅಲ್ಲ. ಮನಸು ಮೊದಲ ಕಷ್ಟಪಟ್ಟು ಮಾಡಿ, ಆಮ್ಯಾಲ ಮೈಗೆ ಒಪ್ಪಿಸಿದ ಕೆಲಸ. ಅಲ್ಲಿರೋದೂ ನೀವೇ."

"ಒಪ್ಪಿಸಿದ್ದು ನಾನೇ ಅಂದ್ರ, ವಾಪಸ್ ಕೇಳಿದಾಗ ಕೊಡಬೇಕಲ್ರಿ ಮೇಡಮ್? ಕೊಡವಲ್ದು."

"ಬಾಯಿಮಾತಿನಾಗ ಒಪ್ಪಿಸಿದ್ರ ಬಾಯಿಮಾತಿಗಿ ವಾಪಸ್ ಬರ್ತಿತ್ತು. ನೀವು ಒಪ್ಪಿಸಿದ್ದು ಮಾಡಿ ಮಾಡಿ. ಅದಕ್ಕ ತಿಳಿಯೋದು ಅದೊಂದೇ ಭಾಷಾ. ಸುಮ್ನ ಕೂಡು ಅಂತ ಹೇಳ್ತೀರಿ, ಸುಮ್ನ ಕೂಡೋದು ಒಂದು ಕೆಲಸೇನ್ರಿ? ಅದಕ್ಕ ಮಾಡ್ಲಾಕ ಏನರ ಕೊಡ್ರಿ."

ಈ ಮಾತು ಮಾಳಿಂಗರಾಯರಿಗೆ ನಾಟಿತು. ಅಲ್ಲಿಯ ತನಕ ಅವರು ಕಾಲಿನ ರೂಢಿಯನ್ನು ಅಳಿಸಲು ನೋಡುತ್ತಿದ್ದರು. ಅಳಿಸಲು ಬರುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಬರೆಯಬೇಕು ಎಂದು ತೀರ್ಮಾನಿಸಿದರು. ಬಸ್ಸಿನ ಎಡಗಡೆ, ಕಾಲು ಊರಲೆಂದು ಓರೆಯಾದ ಒಂದು ಪಟ್ಟಿ ಇದೆ. ಅದು ನುಣುಪಾಗಿತ್ತು, ಕಾಲಿಗೆ ಗುರುತು ಸಿಗುತ್ತಿರಲಿಲ್ಲ. ಗಂಜಿನಿಂದ ತೊಗರಿ ಚೀಲದ ಗೋಣಿ ತುಂಡು ತಂದು, ಅದನ್ನು ಪಟ್ಟಿಗೆ ಭದ್ರವಾಗಿ ಅಂಟಿಸಿಕೊಡಲು ಮೆಕ್ಯಾನಿಕ್ ಮಹಮ್ಮದ ಅವರಿಗೆ ಹೇಳಿದರು.

"ಕ್ಯಾ ಮಾಳಿಂಗರಾಯಣ್ಣಾ, ಇಷ್ಟು ಚೊಕ್ಕ ಗಾಡಿಗಿ ಗೋಣಿ ಚೀಲ?" ಮಹಮ್ಮದ ಮೊದಲು ಒಪ್ಪಲಿಲ್ಲ. "ಕಂಪನಿವಾಲೆ ನೋಡಿದ್ರ ನನಗ ಫಾಸಿ ಕೊಡ್ತಾರ."

"ಅವರಿಗಿ ಹೇಳು, ಕಾಲಿಗಿ ಮನಿ ಕಟ್ಟಿ ಕೊಟ್ಟೀನಿ ಅಂತ."

"ಬಾಡಿಗಿ ಯಾರು ಕೊಡ್ತಾರ?"

"ನೀ ಮೊದಲ ಅಂಟ ಹಚ್ಚೋ ಮಾರಾಯ."

ಅಭ್ಯಾಸದ ಕ್ರಮ ಹೀಗೆ. ತೆಳು ಅಟ್ಟೆಯ ಕ್ಯಾನ್‌ವಾಸ್ ಬೂಟು. ಬಲಗಾಲು ಬ್ರೇಕ್ ಹಿಡಿದಾಗಲೆಲ್ಲ ಎಡಗಾಲು ಗೋಣಿಯನ್ನು ಒತ್ತಬೇಕು. ಒತ್ತಿದರೆ ಏನೂ ಆಗುವುದಿಲ್ಲ, ಆದರೂ ಒತ್ತಬೇಕು. ಮೈದಾನದಲ್ಲಿ ಉಬ್ಬುಗಳನ್ನು ಮಾಡಿದರು. ಬ್ರೇಕ್ ಜಗ್ಗಿದರೆ ತಿಳಿಯಲೆಂದು ತಂಬಿಗೆಗಳನ್ನಿಟ್ಟರು. ಆರಂಭದ ದಿನಗಳಲ್ಲಿ ಬಸ್ಸಿನ ನೆಲ ಕೆರೆಯಾಗುತ್ತಿತ್ತು, ರಾಜೇಶ್ರೀ ಸೆರಗು ಸಿಕ್ಕಿಸಿಕೊಂಡು ಒರೆಸುತ್ತಿದ್ದರು. ಗೇಟಿನ ಕೆಲಸಕ್ಕೆ ಬಂದ ಮೇಲೆ ವಾರದ ದಿನಗಳಲ್ಲಿ ಮಾಳಿಂಗರಾಯ ಶಹಾಬಜಾರದ ಗಲ್ಲಿಯೊಂದರಲ್ಲಿ ಬಾಡಿಗೆ ಖೋಲಿಯಲ್ಲಿರುತ್ತಾರೆ. ಅಲ್ಲಿ ಊಟ ಮಾಡುವಾಗಲೂ ಎಡಗಾಲ ಕೆಳಗೆ ಒಂದು ಗೋಣಿ ತುಂಡು ಇರುತ್ತಿತ್ತಂತೆ. ಓಣಿಯವರು ಏನೋ ಹರಕೆ ಇರಬೇಕು ಎಂದುಕೊಂಡಿದ್ದರು.

ಹದಿನೈದು ದಿನದ ಹಿಂದೆ ಬಸ್ಸಿನ ಕಂಪನಿಯಿಂದ ತರಬೇತುದಾರರೊಬ್ಬರು ಬಂದು ಪರೀಕ್ಷೆ ಮಾಡಿದರು. ಮೈದಾನ, ಸೇಡಂ ರಸ್ತೆಯ ದಟ್ಟಣೆ, ರಿಂಗ್ ರಸ್ತೆ, 'ನಿಲ್ಲಿಸು' ಎಂದು ದಿಢೀರ್ ಕೂಗು, ಎಲ್ಲ ಆಯಿತು. ಮಾಳಿಂಗರಾಯ ಪಾಸು. ವಿವೇಕಾನಂದ ಕೀಲಿ ಚಾಚಿದರು. ಮಾಳಿಂಗರಾಯ ಕೈ ಚಾಚಲಿಲ್ಲ.

"ಪಾಸಾದಾವ ನಾ ರೆಡಿ ಇಲ್ಲ ಅನ್ನೋದು ನಾ ಎಲ್ಲೂ ನೋಡಿಲ್ಲ," ಎನ್ನುತ್ತಾರೆ ವಿವೇಕಾನಂದ. ಅವರು ಕೆಟ್ಟ ಅಧಿಕಾರಿಯಲ್ಲ. ಅವರ ತೊಂದರೆ ಬೇರೆ. ಹಳೆಯ ಬಸ್ಸಿನ ಆಯುಷ್ಯ ಈ ತಿಂಗಳಿಗೆ ಮುಗಿಯುತ್ತದೆ. ಸೋಮವಾರದಿಂದ ಕಮಲಾಪುರದ ದಾರಿಗೆ ಹೊಸ ಬಸ್ಸೇ ಹೋಗಬೇಕು. "ಭಾನುವಾರ ಸಂಜಿತನಕ ಟೈಮ್ ಕೊಟ್ಟೀನಿ. ಹೂಂ ಅಂದ್ರ ಇವರು. ಇಲ್ಲಂದ್ರ ಗುತ್ತಿಗಿ ಡ್ರೈವರ್ ಬರ್ತಾನ, ಇವರು ಗೇಟಿಗೇ ಕಾಯಂ. ಆಮ್ಯಾಲ ಬಂದು ಸರ್ ನನ್ನ ಕಾಲು ರೆಡಿ ಆಗ್ಯಾದ ಅಂದ್ರ ನಾ ಏನ್ ಮಾಡ್ಲಿ?"

ಮಾಳಿಂಗರಾಯರಿಗೆ ಬಸ್ಸು ಬೇಡವೇ? "ಬೇಕ್ರಿ. ಬೇಕೇ ಬೇಕು. ನಾಟಕ ಮಾಡಂಗಿಲ್ಲ ನಾ. ಗೇಟಿನಾಗ ಕೂತು ಸಲಾಮ ಹೊಡಿಯೋದು ನನ್ನ ಕೆಲಸ ಅಲ್ಲ. ನನ್ನಷ್ಟು ಚಲೋ ಆ ರೋಡ್ ಮ್ಯಾಲ ಹುಡುಗುರಿಗಿ ಯಾರೂ ಕರ್ಕೊಂಡು ಬರಂಗಿಲ್ಲ, ಇದು ಸೊಕ್ಕಲ್ಲ, ಖರೇ ಮಾತು." ಹಾಗಾದರೆ ಪರೀಕ್ಷೆ ಪಾಸಾದ ಮೇಲೂ ಅಡ್ಡಿ ಏನು? "ಪರೀಕ್ಷಾದಾಗ ನಾ ಇದ್ದೆ. ಕಾಲಿನ ಮ್ಯಾಲ ಪಹರೆ ಇತ್ತು. ಮಹಾಗಾಂವದಾಗ ಆಗಿದ್ದು ನಾ ಇಲ್ಲದಾಗ. ಸರ್‌ಗಿ ಬೇಕಾಗಿದ್ದು ನಾ ಇದ್ದಾಗ ಕಾಲು ಹ್ಯಾಂಗಿರ್ತದ ಅಂತ. ನನಗ ಬೇಕಾಗಿದ್ದು ನಾ ಇಲ್ಲದಾಗ ಹ್ಯಾಂಗಿರ್ತದ ಅಂತ."

ಅವರ ತಕರಾರಿನಲ್ಲಿ ಬಿರುಕಿಲ್ಲ. ರೂಢಿಯ ನಿಜವಾದ ರೂಪ ಕಾಣುವುದು ಯಾರೂ ನೋಡದಿದ್ದಾಗ. ನೋಡಲು ಹೋದರೆ ಅದು ರೂಢಿಯಾಗಿ ಉಳಿಯುವುದಿಲ್ಲ, ಎಚ್ಚರದ ಕೆಲಸವಾಗುತ್ತದೆ. ಬೇರೆಯವರ ಮನಸ್ಸನ್ನು ಕದ್ದು ನೋಡಬಹುದು. ತನ್ನ ಮನಸ್ಸನ್ನು ತಾನೇ ಕದ್ದು ನೋಡುವುದು ಹೇಗೆ? ರಾಜೇಶ್ರೀಯ ಹರಟೆ ಅದಕ್ಕಾಗಿಯೇ. ಆಕೆ ಸೊಸೆಯ ಸೀರೆ, ಓಣಿಯ ಜಗಳ, ಕೊನೆಯ ಸ್ಟಾಪಿನಿಂದ ಹಿಂದುಮುಂದಾಗಿ ಮಕ್ಕಳ ಹೆಸರು, ಎಲ್ಲವನ್ನೂ ಪ್ರಯೋಗಿಸಿದ್ದಾರೆ. ಮಾಳಿಂಗರಾಯ ಎಲ್ಲಕ್ಕೂ ಉತ್ತರಿಸುತ್ತಾರೆ, ನೀರೂ ಚೆಲ್ಲುವುದಿಲ್ಲ. ಆದರೂ, "ನೀ ಯಾಕ ಕೇಳ್ಲಾಕತ್ತಿ ಅಂತ ಗೊತ್ತದ" ಎಂಬಲ್ಲಿಗೆ ಪ್ರತಿ ದಿನ ನಿಲ್ಲುತ್ತದೆ. ಆ ಶನಿವಾರವೂ ಅಲ್ಲಿಗೇ ನಿಂತಿತು. ತಂಬಿಗೆಗಳ ನೀರನ್ನು ಗೇಟಿನ ಬಳಿಯ ಬೇವಿನ ಗಿಡಕ್ಕೆ ಹಾಕಿ, ಸಂಜೆ ಅವರು ಕಮಲಾಪುರದ ಸರ್ಕಾರಿ ಬಸ್ಸು ಹತ್ತಿದರು.

ಭಾನುವಾರ ಅವರ ಹೆಂಡತಿಯ ತಮ್ಮ ಪೀರಪ್ಪನ ಹೊಲದಲ್ಲಿ ಬಾಳೆಗೊನೆ ಕಡಿಯುವ ಕೆಲಸ. ಕಮಲಾಪುರದ ಕೆಂಪು ಬಾಳೆ; ಗೊನೆಗಳನ್ನು ಒಣ ಎಲೆಯ ಮೇಲೆ ಮಲಗಿಸಿ ಪೀರಪ್ಪನ ಸಣ್ಣ ಟೆಂಪೊಗೆ ತುಂಬುತ್ತಾರೆ. ಮಾಳಿಂಗರಾಯ ಬೆಳಿಗ್ಗೆಯಿಂದ ಗೊನೆ ಹೊತ್ತಿದ್ದಾರೆ, ಬಸ್ಸಿನ ಮಾತು ಎತ್ತಿಲ್ಲ. ಸಂಜೆ ವಿವೇಕಾನಂದರಿಗೆ ಏನು ಹೇಳುತ್ತೀರಿ ಎಂದು ಜೊತೆಗೆ ಬಂದ ಪತ್ರಿಕೆಯವರು ಕೇಳಿದರೆ, "ಸಂಜಿ ಇನ್ನೂ ದೂರ ಅದ" ಎನ್ನುತ್ತಾರೆ.

ಲೋಡು ಹೊರಡುವ ಹೊತ್ತಿಗೆ ಪೀರಪ್ಪನಿಗೆ ಕಲಬುರಗಿಯ ವ್ಯಾಪಾರಿಯ ಫೋನು. ಕಾಯಿ ಇನ್ನೂ ಬಲಿತಿಲ್ಲ, ಹಿಂದಿನ ಸಲ ಹಣ್ಣಾಗಲು ವಾರ ಹಿಡಿಯಿತು ಎಂದು ಆತನ ತಕರಾರು. ಪೀರಪ್ಪ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಕೀಲಿಯನ್ನು ಭಾವನತ್ತ ಎಸೆಯುತ್ತಾನೆ. "ಮಾಮಾ, ನೀ ಹೊಡಿ. ಇವನು ಬಿಡಂಗ ಕಾಣವಲ್ದು."

ಒಂದೂವರೆ ತಿಂಗಳಿಂದ ಗೇರಿನ ಗಾಡಿಯನ್ನು ಬೇಕೆಂದೇ ಮುಟ್ಟದ ಮಾಳಿಂಗರಾಯ, ಕೀಲಿ ಹಿಡಿದು ಸೀಟಿಗೆ ಏರುತ್ತಾರೆ. ಅವರಿಗೆ ಆ ಹೊತ್ತಿಗೆ ನೆನಪಿರುವುದು ಬಾಳೆ ಮಾತ್ರ. ಕೈ ಗೇರಿನ ದಾಂಡಿಗೆ ಹೋಗುತ್ತದೆ, ಕೈಯ ಜೊತೆ ಎಡಗಾಲು ಕ್ಲಚ್ಚಿಗೆ ಹೋಗುತ್ತದೆ, ಟೆಂಪೊ ಹೊರಡುತ್ತದೆ. ಕಮಲಾಪುರದ ಪೇಟೆ ಬರುವ ತನಕ ಅವರು ಪೀರಪ್ಪನ ಫೋನಿಗೆ ಪಕ್ಕದಿಂದ ಮಾತು ಒದಗಿಸುತ್ತಾರೆ.

"ಬಲತದ ಅನ್ನು. ಕಾಯಿ ಏಣು ಸವದು ದುಂಡಗ ಆಗ್ಯಾವ ಅನ್ನು."

"ಅಂದೆ ಮಾಮಾ. ನಂಬವಲ್ಲ."

"ಬಂದು ನೋಡ್ಲಾಕ ಹೇಳು. ನೋಡದೇ ಹ್ಯಾಂಗ ಬಲತಿಲ್ಲ ಅಂತಾನ? ಫೋನಿನಾಗ ಮೂಸಿ ನೋಡ್ಯಾನೇನು?"

ಬಸ್ ನಿಲ್ದಾಣದ ಎದುರು ಒಂದು ಆಟೊ ಅಡ್ಡ ನಿಲ್ಲುತ್ತದೆ. ಮಾಳಿಂಗರಾಯ ವ್ಯಾಪಾರಿಯನ್ನು ಬೈಯುತ್ತಲೇ ಬ್ರೇಕ್ ಹಿಡಿಯುತ್ತಾರೆ. ಟೆಂಪೊ ಒಮ್ಮೆ ನಡುಗಿ, ಕೆಮ್ಮಿ, ರಸ್ತೆಯ ನಡುವೆ ಬಂದ್ ಬೀಳುತ್ತದೆ. ಅವರು ಮತ್ತೆ ಚಾಲೂ ಮಾಡುತ್ತಾರೆ. ಹತ್ತು ಮಾರು ಹೋಗುವಷ್ಟರಲ್ಲಿ ಎಮ್ಮೆಯೊಂದು ಎದುರಾಗುತ್ತದೆ. ಬ್ರೇಕ್, ನಡುಕ, ಮತ್ತೆ ಬಂದ್. ಹಿಂದೆ ಹಾರ್ನುಗಳ ಸಾಲು. ಚಹಾದಂಗಡಿಯಿಂದ ಯಾರೋ, "ಶಾಲಿ ಡ್ರೈವರಂತ, ಶಾಲಿಗಿ ಕಳಸ್ರೋ ಅವನಿಗಿ!" ಎಂದು ಕೂಗುತ್ತಾರೆ.

ಪೀರಪ್ಪ ಫೋನು ಕಟ್ ಮಾಡುತ್ತಾನೆ. "ಏನಾಗ್ಯಾದ ಮಾಮಾ ನಿನಗ? ಮೂವತ್ತು ವರ್ಷ ಗಾಡಿ ಹೊಡದಿ, ಕ್ಲಚ್ ಒತ್ತಬೇಕಂತ ನಾ ಹೇಳಿ ಕೊಡ್ಲೇನು? ಪೇಪರಿನವರ ಮುಂದ ಮರ್ಯಾದಿ ಕಳದಿ. ಇದನ್ನೂ ಬರೀರಿ ಸರ್."

ಮಾಳಿಂಗರಾಯ ತಲೆ ಬಗ್ಗಿಸಿ ಸ್ಟೇರಿಂಗಿನ ಕೆಳಗೆ ನೋಡುತ್ತಿದ್ದಾರೆ. ಅವರ ಎಡಗಾಲು ಕ್ಲಚ್ಚಿನ ಮೇಲಿಲ್ಲ. ಕ್ಲಚ್ಚಿನಿಂದ ಒಂದು ಗೇಣು ಎಡಕ್ಕೆ, ಬಸ್ಸಿನಲ್ಲಿ ಗೋಣಿ ಇರುವ ಜಾಗದಲ್ಲಿ, ಬರೀ ತಗಡನ್ನು ಬಲವಾಗಿ ಒತ್ತಿ ಹಿಡಿದಿದೆ.

"ಮರ್ತದ," ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಜೋರಾಗಿ, "ಏ ಪೀರ್ಯಾ, ಮರ್ತದಲೇ! ಗೇರ್ ಹಾಕುವಾಗ ಕೈ ಹಿಂದೇ ಕಾಲೂ ಕ್ಲಚ್ಚಿಗಿ ಹೋಯ್ತು. ಬ್ರೇಕ್ ಹಿಡದಾಗ ಹೋಗ್ಲಿಲ್ಲ ನೋಡು!"

"ಮರ್ತಿದ್ದಕ್ಕ ಇಷ್ಟು ಖುಷಿ ಪಡೋ ಮನಿಷ್ಯಾನ್ನ ನಾ ಇವತ್ತೇ ನೋಡಿದ್ದು."

"ಇಳಿ, ಈ ಕಡಿ ಬಾ. ನಿನ್ನ ಗಾಡಿ ನೀ ಹೊಡ್ಕೊ. ನನ್ನ ಕೈಯಾಗ ಇನ್ನ ಇದು ಸುರಕ್ಷಿತ ಅಲ್ಲ."

ಹಾರ್ನುಗಳ ನಡುವೆಯೇ ಅವರು ಇಳಿದು, ರಸ್ತೆಯ ಬದಿಯಲ್ಲಿ ನಿಂತು, ವಿವೇಕಾನಂದರಿಗೆ ಫೋನು ಹಚ್ಚುತ್ತಾರೆ. ಸಂಜೆಗೆ ಇನ್ನೂ ಬಹಳ ಹೊತ್ತಿದೆ. ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ಮಾತೂ ಕೇಳಿಸುತ್ತದೆ.

"ಸರ್, ನಾಳಿ ಮುಂಜಾನಿ ಕಮಲಾಪುರದ ಹುಡುಗುರಿಗಿ ನಾ ಕರ್ಕೊಂಡು ಬರ್ತೀನ್ರಿ."

"ಹದಿನೈದು ದಿನದ ಹಿಂದ ಪಾಸ್ ಮಾಡಿಸಿದಾಗ ಒಲ್ಲೆ ಅಂದ್ರಿ. ಇವತ್ತ ಯಾರು ಪಾಸ್ ಮಾಡಿದ್ರು?"

ಮಾಳಿಂಗರಾಯ ನಿಂತಲ್ಲೇ ಟೆಂಪೊ ಹೋದ ದಿಕ್ಕನ್ನು ನೋಡುತ್ತಾರೆ.

"ಇವತ್ತ ನಾ ನೋಡ್ಲಿಲ್ರಿ ಸರ್. ನಾ ನೋಡದಿದ್ರೂ ಅದು ತನ್ನ ಜಾಗಾದಾಗೇ ಇತ್ತು."